ಬೀಗರಿಗೆ ತೋರಿಸಿದ ವಿಡಿಯೋ

ರಾಂಚೊ ಬರ್ನಾರ್ಡೊ
ಸ್ಯಾನ್ ಡಿಯಾಗೋ
14 ಅಕ್ಟೋಬರ್ 2001

ಚಿ. ಅರುಂಧತಿಗೆ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಮೊನ್ನೆ ನಿನ್ನ ತಲೆ ನೋಡಿದಾಗಲೇ ತಿಳಿಯಿತು. ನಮ್ಮೂರಲ್ಲಿ ಕುರಿಯ ಉಣ್ಣೆಯನ್ನೂ ಅದಕ್ಕಿಂತ ನೀಟಾಗಿ ಕತ್ತರಿಸುತ್ತಾರೆ.

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದನ್ನು ಬಿಟ್ಟೆ. ನಾನು ಅರ್ಧ ಮಾತಿನಲ್ಲಿದ್ದಾಗ ನೀನು ಇಡುತ್ತೀ, ನೀನು ಅರ್ಧದಲ್ಲಿದ್ದಾಗ ನಾನು ಇಡುತ್ತೇನೆ. ಕಾಗದಕ್ಕೆ ಆ ತೊಂದರೆಯಿಲ್ಲ. ಅದರಲ್ಲೂ ನನ್ನ ಅಕ್ಷರ ಹೇಗಿದೆ ನೋಡು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಈ ಅಕ್ಷರ ನೋಡಿಯೇ ಪಾಸು ಮಾಡಿದರು, ಉತ್ತರ ಓದಲೇ ಇಲ್ಲ. ಓದಿದ್ದರೆ ಬೇರೆ ಮಾತು.

ಕಾಲೇಜಿಗೆ ಹತ್ತಿರವೆಂದು ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದಿ, ಕೊನೆಯ ವರ್ಷಕ್ಕೆ ಬಂದು, ಸಿನಿಮಾ ಎಂದು ಲಾಸ್ ಏಂಜಲೀಸ್‌ಗೆ ಓಡಿದೆಯಲ್ಲ. ನಟನೆಗೆ ಓಡಿದ್ದರೆ ಅದಕ್ಕೊಂದು ಅರ್ಥವಿತ್ತು. ನೀನು ಹೋಗಿದ್ದು ಯಾರೋ ತೆಗೆದ ಚಿತ್ರವನ್ನು ಕತ್ತರಿಸಿ ಜೋಡಿಸಲಿಕ್ಕೆ. ಅದು ದರ್ಜಿಯ ಕೆಲಸ. ಕತ್ತರಿ ಹಿಡಿಯುವ ಆಸೆ ಅಷ್ಟಿದ್ದರೆ ನನ್ನ ಅಂಗಡಿಗೆ ಬಾ. ಅಕ್ಕಿ ಚೀಲದ ಹೊಲಿಗೆ ಬಿಚ್ಚಲು ಆಳು ಬೇಕಾಗಿದೆ.

ನಿಮ್ಮಪ್ಪ ಅಣ್ಣಾಸಾಹೇಬ ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ, ಆಕೆಯನ್ನು ನೋಡಿಕೊಳ್ಳುವವನು ನಾನು. ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಆಕೆ ಹೇಳಿದ್ದು ಒಂದೇ ಮಾತು: ‘ಕೂದಲಾ ಬೆಳದ ಮ್ಯಾಲೆ ಬಾ.’ ನೀನು ಏನಂದೆ? ‘ನಾ ಹುಡುಗಿ ಅಲ್ಲ’ ಅಂದೆ. ‘ಹಂಗಾರ ಹುಡುಗ ಏನು?’ ಎಂದು ನಾನು ಕೇಳಿದೆ. ‘ಅದೂ ಅಲ್ಲ’ ಅಂದೆ. ನನ್ನ ಅಂಗಡಿಯಲ್ಲಿ ಪ್ರತಿ ಡಬ್ಬಿಗೂ ಒಂದು ಚೀಟಿ ಇದೆ. ಚೀಟಿ ಇಲ್ಲದ ಡಬ್ಬಿಯನ್ನು ನಾನು ಕಸಕ್ಕೆ ಹಾಕುತ್ತೇನೆ.

ನಿನ್ನ ಸೋದರಮಾವ,
ಶಿವರುದ್ರಪ್ಪ


ಲಾಸ್ ಏಂಜಲೀಸ್
2 ನವೆಂಬರ್ 2001

ಮಾಮಾ,

ಧಾರವಾಡದ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟು ಉಳಿದಿದೆ. ತಪ್ಪಿದ್ದರೆ ನಿಮ್ಮ ಮುಲ್ಕಿ ಪಾಂಡಿತ್ಯದಿಂದ ತಿದ್ದಿಕೊಳ್ಳಿ.

ನಿಮ್ಮ ಅಂಗಡಿಯ ಚೀಟಿಗಳ ಬಗ್ಗೆ ನನಗೆ ಹೇಳಬೇಡಿ. ಬೇಸಿಗೆ ರಜೆಯಲ್ಲಿ ಅವನ್ನು ಅಂಟಿಸುತ್ತಿದ್ದದ್ದು ನಾನೇ. ‘ಅಸಲಿ ಬ್ಯಾಡಗಿ’ ಎಂದು ಬರೆದ ಡಬ್ಬಿಯೊಳಗೆ ಯಾವ ಊರಿನ ಮೆಣಸಿನಪುಡಿ ಇರುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತು.

ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಇದು ನಿಮಗೆ ಅರ್ಥವಾಗಲೇಬೇಕೆಂಬ ಹಟ ನನಗಿಲ್ಲ. ಅರು ಎಂದು ಕರೆದರೆ ಸಾಕು.

ಇಲ್ಲಿ ಒಂದು ಎಡಿಟಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಬಂದ ಟೇಪುಗಳನ್ನೆಲ್ಲ ನೋಡಿ, ಕೇಳಿ, ಯಾವುದರಲ್ಲಿ ಏನಿದೆ ಎಂದು ಬರೆದಿಡಬೇಕು. ಎಡಿಟರ್‌ ಆಗುವವರೆಲ್ಲ ಇಲ್ಲಿಂದಲೇ ಶುರು ಮಾಡುವುದು. ದರ್ಜಿ ಎಂದಿರಿ, ಇರಲಿ. ದರ್ಜಿಗೆ ಊರಿನವರೆಲ್ಲರ ಅಳತೆ ಗೊತ್ತಿರುತ್ತದೆ.

ಅವ್ವ ಫೋನ್ ಎತ್ತುವುದಿಲ್ಲ, ಎತ್ತಿದರೂ ನನ್ನ ದನಿ ಕೇಳಿ ನಿಮ್ಮ ಕೈಗೆ ಕೊಡುತ್ತಾಳೆ. ಕೂದಲು ಬೆಳೆಸುವುದಿಲ್ಲವೆಂದು ಅವಳಿಗೆ ಹೇಳಿ.

ಅರು


ರಾಂಚೊ ಬರ್ನಾರ್ಡೊ
30 ಮಾರ್ಚ್ 2003

ಚಿ. ಅರುಂಧತಿಗೆ,

(ಅರು ಎಂಬುದು ಹೆಸರಲ್ಲ, ಅರ್ಧಕ್ಕೆ ಬಿಟ್ಟ ಕೆಲಸ. ನಿನ್ನ ಡಿಗ್ರಿಯ ಹಾಗೆ.)

ನೀನು ಕಳಿಸಿದ ಕ್ಯಾಸೆಟ್ ಬಂತು. ನಿನ್ನ ಸ್ವಂತ ಸಿನಿಮಾ ನೋಡಿದೆ. ಒಬ್ಬ ಮುದುಕಿ ಬಸ್‌ಸ್ಟಾಪಿನಲ್ಲಿ ಕೂತಿದ್ದಾಳೆ. ಬಸ್ಸು ಬರುತ್ತದೆ. ಆಕೆ ಹತ್ತುವುದಿಲ್ಲ. ಇನ್ನೊಂದು ಬಸ್ಸು ಬರುತ್ತದೆ. ಅದಕ್ಕೂ ಹತ್ತುವುದಿಲ್ಲ. ಮುಗಿಯಿತು. ಇದಕ್ಕೆ ಕತೆ ಬರೆದವರು ಯಾರು, ಬಸ್ ಡ್ರೈವರನೇ?

ನಮ್ಮ ಕನ್ನಡ ಸಂಘದ ಗಿರೀಶ ಟೆಲಿಕಾಂ ಇಂಜಿನಿಯರು, ಬೆಂಗಳೂರಿನವನು, ಇಂಗ್ಲಿಷ್ ಸಿನಿಮಾ ಬಹಳ ನೋಡುತ್ತಾನೆ. ಅವನನ್ನು ಕೂರಿಸಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಅಂಕಲ್, ಟೇಪ್ ಸ್ಟಕ್ ಆಗಿದ್ಯಾ?’ ಅಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಜನರನ್ನು ಹಿಡಿದು ಕೂರಿಸುವುದು ಹೇಗೆ ಎಂದು ನನ್ನನ್ನು ನೋಡಿ ಕಲಿ. ಸಂಘದ ಯುಗಾದಿಗೆ ನಾನು ನಿರೂಪಣೆಗೆ ನಿಂತರೆ, ಹೋಳಿಗೆ ಆರಿದರೂ ಒಬ್ಬರೂ ಎದ್ದು ಹೋಗುವುದಿಲ್ಲ. ಬಾಗಿಲಲ್ಲಿ ನಿನ್ನ ಮಾಮಿಯನ್ನು ನಿಲ್ಲಿಸಿರುತ್ತೇನೆ, ಆ ಮಾತು ಬೇರೆ.

ಅಕ್ಕ ನೋಡಲಿಲ್ಲ. ಅಡುಗೆಮನೆಯಲ್ಲಿ ಕೆಲಸವಿತ್ತು.

ಶಿವರುದ್ರಪ್ಪ


ಸ್ಯಾನ್ ಪೀಡ್ರೊ
19 ಏಪ್ರಿಲ್ 2003

ಮಾಮಾ,

ಟೇಪ್ ಸರಿಯಾಗಿತ್ತು. ಸ್ಟಕ್ ಆಗಿರುವವರು ಗಿರೀಶ ಅಂಕಲ್.

ಆ ಚಿತ್ರಕ್ಕೆ ಇಲ್ಲಿ ಒಂದು ಸಣ್ಣ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಮಹಿಳಾ ನಿರ್ದೇಶಕರ ವಿಭಾಗದಲ್ಲಿ ಎಂದರು. ಆ ವಿಭಾಗ ನನ್ನದಲ್ಲ ಎಂದು ವಾಪಸು ಕೊಟ್ಟೆ. ಹಾಗಾದರೆ ಪುರುಷರ ವಿಭಾಗಕ್ಕೆ ಹಾಕೋಣವೇ ಎಂದು ಅವರು ತುಂಬ ಮರ್ಯಾದೆಯಿಂದ ಕೇಳಿದರು. ನಿಮ್ಮಂಥವರು ಎಲ್ಲ ಭಾಷೆಯಲ್ಲೂ ಇದ್ದಾರೆ.

ಎಡಿಟಿಂಗ್ ಆಫೀಸು ಮುಚ್ಚಿತು. ಈಗ ಸ್ಯಾನ್ ಪೀಡ್ರೊದಲ್ಲಿ, ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುತ್ತೇನೆ. ಶನಿವಾರ, ಭಾನುವಾರ ನನ್ನದೇ ಒಂದು ಪೂರ್ತಿ ಉದ್ದದ ಸಿನಿಮಾ ತೆಗೆಯುತ್ತಿದ್ದೇನೆ. ಇದರಲ್ಲಿ ಹಡಗು ಇದೆ. ಬಸ್ಸಿಗಿಂತ ನಿಧಾನ. ಗಿರೀಶ ಅಂಕಲ್‌ಗೆ ಮೊದಲೇ ಹೇಳಿಡಿ.

ಆ ಮುದುಕಿ ಯಾರಿಗಾಗಿ ಕಾಯುತ್ತಿದ್ದಾಳೆ ಎಂದು ಅವ್ವ ಕೇಳಿದಳೇ?

ಅರು


ರಾಂಚೊ ಬರ್ನಾರ್ಡೊ
9 ಮೇ 2005

ಚಿ. ಅರುಗೆ,

ಬಹಳ ದಿನವಾಯಿತು, ಅಂಗಡಿಯ ಕೆಲಸ. ಹೆಸರು ಗಿಡ್ಡ ಮಾಡಿ ಬರೆದೆನೆಂದು ಉಬ್ಬಬೇಡ. ಕಾಗದ ಉಳಿಯಿತು, ಅಷ್ಟೇ.

ನನ್ನ ಮಗಳು ವೈಶಾಲಿಯ ಮದುವೆ ಜೂನ್ ಕೊನೆಗೆ. ಹುಡುಗ ರಾಘವ್. ಬೆಂಗಳೂರಿನವರು, ಮನೆತುಂಬ ಇಂಜಿನಿಯರುಗಳು. ಅವರ ಮನೆಯಲ್ಲಿ ಯಜಮಾನಿಕೆ ಹುಡುಗನ ದೊಡ್ಡಪ್ಪ ಚಂದ್ರಮೋಹನ್‌ನದು. ಆ ಮನುಷ್ಯ ಮಾತಾಡುವುದಕ್ಕಿಂತ ಕೇಳುವುದು ಹೆಚ್ಚು. ನಿಮ್ಮ ತಂದೆ ಏನು ಮಾಡುತ್ತಿದ್ದರು, ನಿಮ್ಮ ಅಕ್ಕನ ಯಜಮಾನರು ಯಾವ ಕಂಪನಿ, ಹೀಗೆ. ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಗುತ್ತದೆ.

ಈಗ ವಿಷಯ. ಇಲ್ಲಿಯ ವಿಡಿಯೋದವರಿಗೆ ನಮ್ಮ ಶಾಸ್ತ್ರ ತಿಳಿಯುವುದಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಒಬ್ಬ ಬ್ಯಾಟರಿ ಬದಲಾಯಿಸುತ್ತಿದ್ದ. ವಿಡಿಯೋ ನೀನು ಮಾಡು. ನೀನು ಸುಮ್ಮನೆ ಮದುವೆಗೆ ಬಂದರೆ ಚಂದ್ರಮೋಹನ್ ‘ಇದು ಯಾರು, ಏನು’ ಎಂದು ಶುರು ಮಾಡುತ್ತಾನೆ. ಕ್ಯಾಮೆರಾ ಹಿಡಿದವರನ್ನು ಯಾರೂ ಏನೂ ಕೇಳುವುದಿಲ್ಲ, ಅವರ ಮುಖವನ್ನೂ ನೋಡುವುದಿಲ್ಲ. ಮದುವೆ ನೋಡಿದ ಹಾಗೂ ಆಯಿತು, ಮರ್ಯಾದೆ ಉಳಿದ ಹಾಗೂ ಆಯಿತು. ಇಂಥ ಉಪಾಯ ಇಂಜಿನಿಯರ ತಲೆಗೆ ಹೊಳೆಯುವುದಿಲ್ಲ, ಮುಲ್ಕಿ ಓದಿದವನ ತಲೆಯೇ ಬೇಕು.

ಕಪ್ಪು ಶರ್ಟು ಹಾಕಿಕೊಂಡು ಬಾ. ಅವ್ವನ ಹತ್ತಿರ ಹೋಗಿ ಮಾತಾಡಬೇಡ. ಆಕೆ ಅತ್ತರೆ ಬೀಗರ ಮುಂದೆ ಚೆನ್ನಾಗಿರುವುದಿಲ್ಲ. ನನಗೊಂದು ಕಾಲರ್ ಮೈಕ್ ತಾ. ನಿರೂಪಣೆ ನನ್ನದೇ, ಒಂದು ಮಾತೂ ತಪ್ಪಿಹೋಗಬಾರದು.

ಬಂದ ಬಹುಮಾನವನ್ನು ವಾಪಸು ಕೊಟ್ಟೆಯೆಂದು ಬರೆದಿದ್ದೆ. ಇದನ್ನಾದರೂ ವಾಪಸು ಕೊಡಬೇಡ.

ಮಾಮಾ


ಸ್ಯಾನ್ ಪೀಡ್ರೊ
20 ಮೇ 2005

ಮಾಮಾ,

ಬರುತ್ತೇನೆ. ನಿಮ್ಮ ಉಪಾಯಕ್ಕೆ ಮರುಳಾಗಿ ಅಲ್ಲ. ವೈಶಾಲಿ ಫೋನ್ ಮಾಡಿ, ‘ಪ್ಲೀಸ್ ಅರು, ನೀನಿಲ್ದೆ ಐ ಕಾಂಟ್’ ಎಂದು ಅತ್ತಳು. ಅವ್ವನ ಮುಖ ನೋಡಿ ನಾಲ್ಕು ವರ್ಷವಾಗುತ್ತ ಬಂತು. ಮಾತಾಡಬೇಡ ಎಂದಿರಿ, ಲೆನ್ಸ್‌ನಲ್ಲಿ ನೋಡಬೇಡ ಎಂದಿಲ್ಲ.

ಕಾಲರ್ ಮೈಕ್ ತರುತ್ತೇನೆ. ಅದಕ್ಕೂ ಹಾಲ್‌ನ ಮೈಕಿಗೂ ಸಂಬಂಧವಿಲ್ಲ. ಅದರಲ್ಲಿ ಆಡಿದ್ದೆಲ್ಲ ನೇರವಾಗಿ ನನ್ನ ಹೆಡ್‌ಫೋನಿಗೆ ಬರುತ್ತದೆ. ಸೊಂಟದ ಹತ್ತಿರ ಸಣ್ಣ ಸ್ವಿಚ್ ಇರುತ್ತದೆ, ಬೇಡವಾದಾಗ ಆಫ್ ಮಾಡಿಕೊಳ್ಳಿ.

ಅರು


ರಾಂಚೊ ಬರ್ನಾರ್ಡೊ
14 ಆಗಸ್ಟ್ 2005

ಚಿ. ಅರುಗೆ,

ವಿಡಿಯೋ ಎಲ್ಲಿ? ಸಿಂಗಾಪುರಕ್ಕೆ ಹೋಗುವ ಕಂಟೇನರಿನಲ್ಲಿ ಹಾಕಿಬಿಟ್ಟೆಯಾ?

ಇಂಥ ಮದುವೆ ಸ್ಯಾನ್ ಡಿಯಾಗೋ ನೋಡಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನೂ ಹೇಳುತ್ತಿದ್ದೇನೆ. ಬೆಂಗಳೂರಿನವರಿಗೆ ನಮ್ಮ ಕಡೆಯ ಆಯೇರಿ ಅಂದರೆ ಏನೆಂದೇ ಗೊತ್ತಿರಲಿಲ್ಲ. ಒಬ್ಬೊಬ್ಬ ನೆಂಟರ ಹೆಸರು ಕೂಗಿ, ಮುಂದೆ ಕರೆದು, ಸೀರೆಯೋ ಶಾಲೋ ಕೊಟ್ಟು, ಪ್ರತಿ ಹೆಸರಿಗೂ ಸ್ಪೀಕರಿನಲ್ಲಿ ವಾಲಗ ಊದಿಸಿದೆನಲ್ಲ, ಬಾಯಿ ತೆರೆದುಕೊಂಡು ನೋಡಿದರು.

ನಿನ್ನ ಬಗ್ಗೆ ಚಂದ್ರಮೋಹನ್‌ನ ಹೆಂಡತಿ ರಾಜಲಕ್ಷ್ಮಿ ಹೇಳಿದ ಮಾತು ಕೇಳು: ‘ಆ ವಿಡಿಯೋ ಹುಡ್ಗ ಎಷ್ಟು ಡೀಸೆಂಟು, ಒಂದ್ ಮಾತೂ ಆಡ್ಲಿಲ್ಲ.’ ನಾನು ಟವೆಲ್ಲು ಬಾಯಿಗಿಟ್ಟುಕೊಂಡು ಆಚೆ ಹೋಗಿ ನಕ್ಕು ಬಂದೆ. ನನ್ನ ಉಪಾಯ ಹೇಗಿತ್ತು?

ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಬೀಗರನ್ನೆಲ್ಲ ಮನೆಗೆ ಕರೆದಿದ್ದೇನೆ. ದೊಡ್ಡ ಟಿವಿ ತಂದಿದ್ದೇನೆ. ಅಷ್ಟರೊಳಗೆ ಡಿವಿಡಿ ಬರಬೇಕು. ನಾನು ಮೊದಲೇ ನೋಡುವುದಿಲ್ಲ. ನನ್ನ ನಿರೂಪಣೆ ಕೇಳುವಾಗ ಅವರ ಮುಖ ನೋಡಬೇಕು ನನಗೆ.

ಮಾಮಾ


ಸ್ಯಾನ್ ಪೀಡ್ರೊ
17 ಸೆಪ್ಟೆಂಬರ್ 2005

ಮಾಮಾ,

ಡಿವಿಡಿ ಇದರ ಜೊತೆಗಿದೆ. ವೈಶಾಲಿ ತುಂಬ ಚೆನ್ನಾಗಿ ಬಂದಿದ್ದಾಳೆ.

ಹತ್ತು ಜನರಿಗೆ ತೋರಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ ಎಂದು ಹೇಳುವುದು ಎಡಿಟರ್‌ನ ಕರ್ತವ್ಯ. ಹೇಳಿದ್ದೇನೆ.

ಅರು


ರಾಂಚೊ ಬರ್ನಾರ್ಡೊ
26 ಸೆಪ್ಟೆಂಬರ್ 2005

ನಿನಗೆ ಆಶೀರ್ವಾದ ಗೀಶೀರ್ವಾದ ಏನೂ ಇಲ್ಲ.

ನಾನೆಲ್ಲಿ? ಮೂರು ತಾಸಿನ ಮದುವೆಯಲ್ಲಿ ಹೆಣ್ಣಿನ ಅಪ್ಪ ಎಲ್ಲಿ? ಬಾಗಿಲಲ್ಲಿ ಬೀಗರನ್ನು ಎದುರುಗೊಂಡವನು ನಾನು. ವಿಡಿಯೋದಲ್ಲಿ ಅವರು ಬರುತ್ತಾರೆ, ಯಾರಿಗೋ ಕೈಮುಗಿಯುತ್ತಾರೆ, ಆ ಯಾರೋ ಕಾಣುವುದಿಲ್ಲ. ಧಾರೆಯ ನೀರು ಬೀಳುತ್ತದೆ, ಎರೆಯುವ ಮನುಷ್ಯ ಇಲ್ಲ. ನನ್ನ ನಿರೂಪಣೆ ಒಂದಕ್ಷರವಿಲ್ಲ, ಅದರ ಜಾಗದಲ್ಲಿ ಯಾವುದೋ ಪಿಟೀಲು. ಒಂದು ಕಡೆ ಒಂದು ಮೊಣಕೈ ಬಂತು. ಗಡಿಯಾರ ನೋಡಿ ನನ್ನದೆಂದು ಗುರುತು ಹಿಡಿದೆ. ‘ಅದು ನಂದರೀ!’ ಎಂದು ಎದ್ದು ನಿಂತೆ. ಅಷ್ಟರಲ್ಲಿ ಅದೂ ಹೋಯಿತು.

ಚಂದ್ರಮೋಹನ್ ಬಿಡುತ್ತಾನೆಯೇ? ‘ಏನ್ರೀ ಶಿವರುದ್ರಪ್ಪನೋರೇ, ಅವತ್ತು ನೀವು ಮದ್ವೆಗೆ ಬಂದಿರ್ಲಿಲ್ವಾ?’ ಅಂದ. ರಾಜಲಕ್ಷ್ಮಿ, ‘ಪಾಪ, ಅಂಗಡೀಲಿ ರಷ್ ಇತ್ತೇನೋ’ ಅಂದಳು. ನನ್ನ ಮನೆಯಲ್ಲಿ, ನನ್ನ ಟಿವಿ ಮುಂದೆ, ನನ್ನ ಚುರುಮುರಿ ತಿನ್ನುತ್ತ ಎಲ್ಲರೂ ನಕ್ಕರು. ನನ್ನ ಮಗಳೂ ನಕ್ಕಳು.

ನನ್ನನ್ನು ಕತ್ತರಿಸಿದ್ದು ಸಾಲದೆಂದು, ಆಯೇರಿ ತೆಗೆದುಕೊಂಡು ನಿಂತ ಅಕ್ಕ ತಲೆ ಆಡಿಸುವುದನ್ನು ಮಾತ್ರ ಎಷ್ಟೋ ಹೊತ್ತು ಇಟ್ಟಿದ್ದೀ. ಸದ್ದಿಲ್ಲ, ಮಾತಿಲ್ಲ. ಎಲ್ಲರೂ ಟಿವಿ ಕೆಟ್ಟಿತೆಂದರು. ಇದೇ ಏನು ನಿನ್ನ ವಿದ್ಯೆ? ನನ್ನನ್ನು ವಾಪಸು ಸೇರಿಸಿ ಇನ್ನೊಂದು ಡಿವಿಡಿ ಕಳಿಸು. ಪೂರ್ತಿ ಸೇರಿಸು.

ಶಿವರುದ್ರಪ್ಪ
(ವಧುವಿನ ತಂದೆ)


ಸ್ಯಾನ್ ಪೀಡ್ರೊ
10 ಅಕ್ಟೋಬರ್ 2005

ಮಾಮಾ,

ಆ ಸಣ್ಣ ಸ್ವಿಚ್ಚನ್ನು ನೀವು ಇಡೀ ದಿನ ಮುಟ್ಟಲೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ನನಗೆ ನೀವು ಆಡಿದ್ದೆಲ್ಲ ಕೇಳಿಸಿತು. ಬೀಗರ ಬಗ್ಗೆ ಅಡುಗೆಯವರ ಹತ್ತಿರ, ಅಡುಗೆಯವರ ಬಗ್ಗೆ ಬೀಗರ ಹತ್ತಿರ. ಅದೆಲ್ಲ ನಗುವ ವಿಷಯ.

ಆಯೇರಿಯಲ್ಲಿ ಎಲ್ಲರ ಹೆಸರು ಕೂಗಿದಿರಿ. ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದ ಶಿವರಾಮನನ್ನೂ ಕರೆದು ಶಾಲು ಕೊಟ್ಟಿರಿ. ಅವ್ವನನ್ನು ಕರೆದಿರಿ. ಅವಳು ಸೀರೆ ಹಿಡಿದುಕೊಂಡು ನಿಮ್ಮ ಪಕ್ಕದಲ್ಲಿ ನಿಂತಿದ್ದಳು. ಚಂದ್ರಮೋಹನ್, ‘ಇವ್ರ ಮಕ್ಕಳನ್ನ ಕರೀಲೇ ಇಲ್ವಲ್ರೀ’ ಎಂದು ಕೇಳಿದರು. ನೀವು ಅಂದಿರಿ: ‘ಅಕ್ಕಗ ಮಕ್ಕಳಿಲ್ರಿ.’

ನಾನು ಎದುರಿಗೇ ಇದ್ದೆ. ಕ್ಯಾಮೆರಾ ಅವ್ವನ ಮುಖದ ಮೇಲಿತ್ತು. ಅವಳು ನೇರವಾಗಿ ನನ್ನ ಕಡೆ ನೋಡಿ, ಹೌದೆಂದು ತಲೆ ಆಡಿಸಿದಳು.

ನೀವು ಸುಳ್ಳು ಹೇಳುವುದು ಮೆಣಸಿನಪುಡಿಯ ಕಾಲದಿಂದ ಗೊತ್ತು. ಆದರೆ ಅವಳು ನನ್ನನ್ನು ನೋಡಿಕೊಂಡೇ ತಲೆ ಆಡಿಸಿದ್ದನ್ನು ನಾನು ಎಡಿಟಿಂಗ್ ಟೇಬಲ್ಲಿನ ಮೇಲೆ ಎಷ್ಟು ಸಲ ನೋಡಿದ್ದೇನೆಂದು ನನಗೇ ಗೊತ್ತಿಲ್ಲ. ಮೆಲ್ಲಗೆ ಓಡಿಸಿ ನೋಡಿದೆ, ನಿಲ್ಲಿಸಿ ನೋಡಿದೆ. ಹೌದೇ. ಅದಕ್ಕೇ ಅದನ್ನು ಸದ್ದಿಲ್ಲದೆ ಇಟ್ಟೆ. ಅರ್ಥವಾಗಬೇಕಾದವರಿಗೆ ಆಗಲಿ ಎಂದು.

ಅವ್ವನಿಗೆ ಮಕ್ಕಳಿಲ್ಲದಿದ್ದರೆ ವೈಶಾಲಿಗೆ ಅಪ್ಪನಿಲ್ಲ. ಇನ್ನೊಂದು ಡಿವಿಡಿ ಬರುವುದಿಲ್ಲ, ಇನ್ನೊಂದು ಕಾಗದವೂ ಬರುವುದಿಲ್ಲ.

ಅರು


ರಾಂಚೊ ಬರ್ನಾರ್ಡೊ
18 ಫೆಬ್ರವರಿ 2007

ಅರು,

ನೀನು ಬರೆಯುವುದಿಲ್ಲ ಎಂದೆ, ನಾನೂ ಬರೆಯಲಿಲ್ಲ. ಹಟದಲ್ಲಿ ನಾನು ನಿನಗೆ ಸೋದರಮಾವ. ಇವತ್ತು ಬರೆಯುತ್ತಿರುವುದೂ ನಿನ್ನ ಮೇಲಿನ ಪ್ರೀತಿಯಿಂದಲ್ಲ. ನನ್ನ ಮನೆಯಲ್ಲಿ ನನಗೆ ನೆಮ್ಮದಿಯಿಂದ ಉಣ್ಣಲಾಗುತ್ತಿಲ್ಲ, ಅದಕ್ಕೆ.

ನಿನ್ನ ಆ ದರಿದ್ರ ಡಿವಿಡಿಯನ್ನು ನಾನು ಕಸಕ್ಕೆ ಹಾಕಿದ್ದೆ. ಅಕ್ಕ ತೆಗೆದುಕೊಂಡಿದ್ದಾಳೆ. ನಾವೆಲ್ಲ ಅಂಗಡಿಗೆ ಹೋದ ಮೇಲೆ ಹಾಕಿಕೊಂಡು ನೋಡುತ್ತಾಳೆ. ಮೊನ್ನೆ ಮೊಣಕಾಲು ನೋವೆಂದು ನಾನು ಬೇಗ ಮನೆಗೆ ಬಂದೆ. ಟಿವಿಯಲ್ಲಿ ಅಕ್ಕ ತಲೆ ಆಡಿಸುತ್ತಿದ್ದಾಳೆ. ಮುಂದಕ್ಕೆ ಹೋಗದಂತೆ ಮತ್ತೆ ಹಿಂದಕ್ಕೆ ತಂದು, ಮತ್ತೆ ಅದನ್ನೇ ನೋಡುತ್ತಾಳೆ. ನಾನು ರೇಗಿಸಿದೆ:

‘ಎಷ್ಟ ಸರ್ತಿ ನಿನ್ನ ಮಾರಿ ನೀನ ನೋಡ್ಕೋತಿ, ಅಕ್ಕಾ?’

‘ನನ್ನ ಮಾರಿ ಯಾರ ನೋಡ್ತಾರೋ? ಕೂಸು ಮುಂಜಾನಿಂದ ಒಂದ ಕಾಲ ಮ್ಯಾಲೆ ನಿಂತಿತ್ತು. ಉಣ್ಣಾಕ ಹೋಗು ಅಂತ ತಲಿ ಆಡಿಸಿ ಸನ್ನೆ ಮಾಡೀನಿ ನೋಡಿಲ್ಲಿ. ಆಮ್ಯಾಲೆ ಹೋಗಿ ಉಂಡಿತೋ ಇಲ್ಲೋ? ಯಾರೂ ಹೇಳವಲ್ರು ನನಗ.’

ನಾನು ಕೂತುಬಿಟ್ಟೆ. ‘ಅಕ್ಕಾ, ನಾ ಚಂದ್ರಮೋಹನಗ ಹೇಳಿದ್ದಕ್ಕ ನೀ ಹೌದಂದಿ ಅಂತ ತಿಳಕೊಂಡೈತಿ ಅದು’ ಅಂದೆ. ‘ನೀ ಏನ ಹೇಳಿದಿ?’ ಅಂದಳು. ಆಕೆಗೆ ಗೊತ್ತೇ ಇರಲಿಲ್ಲ. ಆಕೆಯ ಹೆಸರಿಗೆ ಊದಿಸಿದ ವಾಲಗ ಸ್ಪೀಕರಿನಲ್ಲಿ ಆಕೆಯ ಕಿವಿಯ ಪಕ್ಕದಲ್ಲೇ ಬಡಿದುಕೊಳ್ಳುತ್ತಿತ್ತು. ನಾನು ಚಂದ್ರಮೋಹನ್‌ನ ಕಿವಿಗೆ ಬಾಯಿಟ್ಟು ಹೇಳಿದ್ದೆ. ಅದು ಅವನಿಗೆ ಕೇಳಿತು, ಮೈಕಿನಿಂದ ನಿನಗೆ ಕೇಳಿತು. ಬೇರೆ ಯಾರಿಗೂ ಕೇಳಿಲ್ಲ. ಎಡಿಟರ್ ಅಂತೆ, ಲಾಸ್ ಏಂಜಲೀಸ್ ಅಂತೆ! ನಿನ್ನ ಕಿವಿಗೆ ಕೇಳಿದ್ದು ಎಲ್ಲರಿಗೂ ಕೇಳುತ್ತಿದೆ ಎಂದುಕೊಂಡೆಯಲ್ಲ, ಇಷ್ಟು ಬುದ್ಧಿ ಅಂಗಡಿಯಲ್ಲಿ ಚೀಲ ಹೊರುವವನಿಗೂ ಇರುತ್ತದೆ.

ಕೊನೆಗೆ ನಾನು ಏನು ಹೇಳಿದ್ದೆನೆಂದು ಆಕೆಗೆ ಹೇಳಲೇಬೇಕಾಯಿತು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ತಾಟು ಇಡುವ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಉಂಡಿಯೋ ಇಲ್ಲವೋ ಎಂಬುದನ್ನು ಬರೆದು ತಿಳಿಸು. ನನಗಲ್ಲ, ಆಕೆಗೆ.

ಶಿವರುದ್ರಪ್ಪ


ಸ್ಯಾನ್ ಪೀಡ್ರೊ
3 ಜೂನ್ 2007

ಮಾಮಾ,

ನಿಮ್ಮ ಕಾಗದ ಬಂದು ತಿಂಗಳುಗಳಾದವು. ಬರೆಯಲು ಕೈ ಬರಲಿಲ್ಲ.

ಮೂಲ ಟೇಪನ್ನು ತೆಗೆದು ನೋಡಿದೆ. ಕ್ಯಾಮೆರಾದಲ್ಲಿಯೂ ಒಂದು ಮೈಕ್ ಇರುತ್ತದೆ, ಅದು ಬೇರೆಯಾಗಿ ರೆಕಾರ್ಡ್ ಆಗುತ್ತದೆ. ಬರೀ ಗದ್ದಲವೆಂದು ಅದನ್ನು ಮೊದಲ ದಿನವೇ ಮುಚ್ಚಿಬಿಟ್ಟಿದ್ದೆ. ಈಗ ಕೇಳಿದೆ. ವಾಲಗ ಬಿಟ್ಟು ಏನೂ ಇಲ್ಲ. ನೀವು ಬರೆದದ್ದು ನಿಜ. ಈ ವಾಕ್ಯ ಬರೆಯುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರಲಿ.

ಅವತ್ತು ನಾನು ಊಟ ಮಾಡಲಿಲ್ಲ. ಸಾಮಾನು ಕಟ್ಟಿಕೊಂಡು ನೇರವಾಗಿ ಹೊರಟೆ. ಇದನ್ನು ಅವ್ವನಿಗೆ ಹೇಳಬೇಡಿ. ಉಂಡಿತು, ಎರಡನೆಯ ಸಲ ಹಾಕಿಸಿಕೊಂಡಿತು ಎಂದು ಹೇಳಿ. ಸುಳ್ಳು ಹೇಳುವುದು ನಿಮಗೆ ಸಲೀಸು.

ಅರು


ಸ್ಯಾನ್ ಪೀಡ್ರೊ
9 ಮಾರ್ಚ್ 2008

ಮಾಮಾ,

ನನ್ನ ಸಿನಿಮಾ ಮುಗಿಯಿತು. ಏಪ್ರಿಲ್ 19ಕ್ಕೆ ಸ್ಯಾನ್ ಡಿಯಾಗೋದಲ್ಲಿ, ಕ್ಯಾಂಪಸ್ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ ತೋರಿಸುತ್ತಿದ್ದಾರೆ. ಯಾವ ವಿಭಾಗವೂ ಇಲ್ಲ. ಬರೀ ಸಿನಿಮಾ.

ಅವ್ವ ಈಗ ಫೋನಿನಲ್ಲಿ ಮಾತಾಡುತ್ತಾಳೆ. ಏನು ಉಂಡೆ ಎಂಬುದು ಬಿಟ್ಟರೆ ಬೇರೆ ವಿಷಯವಿಲ್ಲ. ಸಿನಿಮಾಕ್ಕೆ ಬಾ ಎಂದರೆ, ‘ಮಂದಿ ಏನಂತಾರ, ವೈಶಾಲಿಗೆ ತೊಂದರಿ ಆಕ್ಕೈತಿ’ ಎಂದು ಇಡುತ್ತಾಳೆ. ಮಂದಿ ಎಂದರೆ ನಿಮ್ಮ ಬೀಗರು. ನೀವು ಅವರಿಗೆ ಹೇಳಿದ ಸುಳ್ಳನ್ನು ಅವಳು ತನಗೆ ತಿಳಿದ ದಿನದಿಂದ ಕಾಯುತ್ತಿದ್ದಾಳೆ. ಅವರ ಮನೆಗೆ ಹೋದಾಗಲೆಲ್ಲ ಮಕ್ಕಳಿಲ್ಲದವಳ ಹಾಗೆ ಕೂತು ಬರುತ್ತಾಳಂತೆ.

ಆ ಸುಳ್ಳನ್ನು ಹೇಳಿದವರು ನೀವು, ತೆಗೆಯಬೇಕಾದವರೂ ನೀವೇ. ಚಂದ್ರಮೋಹನ್‌ಗೆ ಹೇಳಿ, ಅವಳನ್ನು ಕರೆದುಕೊಂಡು ಬನ್ನಿ. ನನ್ನ ಸಿನಿಮಾವನ್ನು ನನ್ನ ತಾಯಿ ನೋಡಬೇಕು, ನನ್ನ ತಾಯಿಯಾಗಿ ನೋಡಬೇಕು. ಬೇರೇನೂ ಬೇಡ. ನೀವು ಕಾರಿನಲ್ಲೇ ಕೂತಿದ್ದರೂ ನಡೆಯುತ್ತದೆ.

ಅರು


ರಾಂಚೊ ಬರ್ನಾರ್ಡೊ
22 ಮಾರ್ಚ್ 2008

ಅರು,

ಬೀಗರ ಮನೆಗೆ ಹೋಗಿ, ನಾನು ಸುಳ್ಳುಗಾರ ನೋಡಿ ಎಂದು ಹೇಳಿಕೊಳ್ಳಬೇಕೇನು? ಆ ಚಂದ್ರಮೋಹನ್ ಇವತ್ತಿಗೂ ನನ್ನನ್ನು ‘ಮೊಣಕೈ ಮಾವ’ ಎಂದು ಕರೆಯುತ್ತಾನೆ. ಅದು ನೀನು ಕೊಟ್ಟ ಬಿರುದು. ಅದರ ಮೇಲೆ ಇನ್ನೊಂದು ಬೇಡ. ಅಕ್ಕನ ಆಸೆ ಬಿಡು. ನಿನ್ನ ಹಡಗನ್ನು ನೀನೇ ನೋಡಿಕೋ.

ಶಿವರುದ್ರಪ್ಪ


ರಾಂಚೊ ಬರ್ನಾರ್ಡೊ
21 ಏಪ್ರಿಲ್ 2008

ಅರು,

ಮೊನ್ನೆ ನೀನು ಸ್ಟೇಜಿನ ಮೇಲೆ ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾಗ ನಮ್ಮ ಸಾಲಿನಲ್ಲಿ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಅಕ್ಕ ಹೇಳುವುದಿಲ್ಲ. ವೈಶಾಲಿ ಹೇಳಿದರೆ ತಪ್ಪು ತಪ್ಪಾಗಿ, ನನ್ನನ್ನು ಸಣ್ಣವನಾಗಿ ಮಾಡಿ ಹೇಳುತ್ತಾಳೆ. ಆದ್ದರಿಂದ ನಾನೇ ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ಅಕ್ಕ ಆಯೇರಿಯ ಆ ಸೀರೆ ಉಟ್ಟು ಬಂದು ಕಾರಿನಲ್ಲಿ ಕೂತಳು. ‘ಎಲ್ಲಿಗಿ?’ ಅಂದೆ. ‘ಗಾಡಿ ಹೊಡಿ’ ಅಂದಳು. ಒಂದು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ‘ಬೀಗರಿಗೆ ಗೊತ್ತಾದರ?’ ಅಂದೆ. ಬೆಲ್ಟು ಹಾಕಿಕೊಂಡಳು. ಹೊಡೆದೆ. ಹಾಲ್‌ಗೆ ಹೋಗಿ ನೋಡಿದರೆ ವೈಶಾಲಿ ಮೊದಲೇ ಬಂದು ಕೂತಿದ್ದಾಳೆ. ಪಕ್ಕದಲ್ಲಿ ಅಳಿಯ, ಅವನ ಪಕ್ಕದಲ್ಲಿ ಚಂದ್ರಮೋಹನ್! ಅವನನ್ನು ಕರೆತಂದು ನನ್ನ ಮಗಳು ಉಪಾಯದಲ್ಲಿ ನನ್ನನ್ನೇ ಮೀರಿಸಿದಳು. ನಾನು ಕಾರಿಗೆ ವಾಪಸು ಹೋಗಬೇಕೆಂದುಕೊಂಡೆ. ಅಕ್ಕ ನನ್ನ ಅಂಗಿಯ ತೋಳು ಹಿಡಿದು ಕೂರಿಸಿದಳು.

ಸಿನಿಮಾ ನೋಡಿದೆ. ಬಂದರಿನಲ್ಲಿ ಒಬ್ಬರು ಕೆಲಸ ಮಾಡುತ್ತಾರೆ, ಹಡಗು ಬರುತ್ತದೆ, ಹಡಗು ಹೋಗುತ್ತದೆ. ನಡುವೆ ನಿದ್ದೆ ಬಂತು. ಎದ್ದಾಗಲೂ ಅದೇ ಹಡಗು ಇತ್ತು, ಏನೂ ತಪ್ಪಿರಲಿಲ್ಲ. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾಕೆ ಹೊಡೆದರೋ ಅವರನ್ನೇ ಕೇಳಬೇಕು.

ಆಗ ಚಂದ್ರಮೋಹನ್ ಅಕ್ಕನ ಕಡೆ ಬಾಗಿ ಶುರು ಮಾಡಿದ: ‘ಡೈರೆಕ್ಟರ್ ನಿಮ್ಗೆ ಪರಿಚಯಾನಾ ಶಿವಕ್ಕನೋರೇ? ನಮ್ಮ ಮದ್ವೆ ವಿಡಿಯೋ ತೆಗ್ದಿದ್ದು ಇದೇ ಹುಡುಗ ಅಲ್ವಾ?’

‘ಹುಡುಗ ಅಲ್ರಿ’ ಅಂದಳು ಅಕ್ಕ.

‘ಓ, ಹುಡುಗೀನಾ?’

‘ಅದೂ ಅಲ್ರಿ. ನನ್ನ ಕೂಸು. ಹಡದಾಕಿ ನಾನು.’

ಆ ಮನುಷ್ಯ ನನ್ನ ಕಡೆ ತಿರುಗಿ, ರಾಘವ್‌ಗೂ ವೈಶಾಲಿಗೂ ಹಿಂದಿನ ಸಾಲಿನವರಿಗೂ ಕೇಳುವ ಹಾಗೆ, ‘ಏನ್ರೀ ಇದು? ಇವ್ರಿಗೆ ಮಕ್ಕಳಿಲ್ಲ ಅಂದಿದ್ರಲ್ಲ ನೀವು?’ ಅಂದ.

ಹೇಳಲಿಕ್ಕೆ ನನ್ನ ಹತ್ತಿರ ಬೇಕಾದಷ್ಟಿತ್ತು. ನಿಮಗೆ ಸರಿಯಾಗಿ ಕೇಳಿಲ್ಲ ಅನ್ನಬಹುದಿತ್ತು. ಅಕ್ಕ ದತ್ತು ತೆಗೆದುಕೊಂಡಳು ಅನ್ನಬಹುದಿತ್ತು. ಅದು ಚೆನ್ನಾಗಿತ್ತು, ಬಾಯಿತನಕ ಬಂದಿತ್ತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ಸ್ಟೇಜಿನ ಮೇಲೆ ನಿನ್ನನ್ನೇ ನೋಡುತ್ತಿದ್ದಳು.

‘ಸುಳ್ಳ ಹೇಳಿದ್ದೆ. ಏನೀಗ?’ ಅಂದೆ.

‘ಯಾಕ್ರೀ ಹೇಳ್ಬೇಕಿತ್ತು?’

‘ನಿಮ್ಮಂಥವ್ರು ಹಿಂಗ ಕೇಳ್ತೀರಿ ಅಂತ.’

ಅಳಿಯ ಚಪ್ಪಲಿ ನೋಡುತ್ತ ಕೂತ. ಚಂದ್ರಮೋಹನ್ ವಾಪಸು ಹೋಗುವತನಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಷ್ಟು ವರ್ಷದ ನನ್ನ ನಿರೂಪಣೆಗೆ ಆಗದ ಕೆಲಸ ಅದು.

ಬರುವ ಭಾನುವಾರ ಬೀಗರು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಬರುವುದಿಲ್ಲ ಎಂದರು, ವೈಶಾಲಿ ಒಪ್ಪಿಸಿದ್ದಾಳೆ. ನೀನೂ ಬರಬೇಕು. ಅಕ್ಕನ ಪಕ್ಕದಲ್ಲಿ, ಚಂದ್ರಮೋಹನ್‌ಗೆ ಎದುರಾಗಿ ನಿನ್ನ ಕುರ್ಚಿ ಹಾಕಿಸುತ್ತೇನೆ. ನೋಡಲಿ.

ನಿನ್ನ ಮಾಮಾ